ಸೋತ ಮೇಲೆ ಮೊದಲು ತಾರೀಖು ಬರೆಯಿರಿ

ನಮ್ಮ ತಟ್ಟೆ ಇಡ್ಲಿ ಹೋಟೆಲ್ ಮುಚ್ಚಿದ್ದು 2023ರ ಜನವರಿ 31ಕ್ಕೆ. ಆಮೇಲೆ ಎಂಟು ತಿಂಗಳು ಯಾರು ಕೇಳಿದರೂ ನನ್ನದು ಒಂದೇ ಉತ್ತರ: "ಅಡುಗೆ ಭಟ್ರು ಕೈಕೊಟ್ಟರು." ಮದುವೆ ಮನೆಯಲ್ಲಿ ಅದೇ, ಬಸ್ಸಿನಲ್ಲಿ ಅದೇ, ಕಟಿಂಗ್ ಶಾಪಿನಲ್ಲೂ ಅದೇ. ಹೇಳಿ ಹೇಳಿ ನನಗೇ ಅದು ನಿಜ ಅನಿಸಿಬಿಟ್ಟಿತ್ತು. ನಿಜ ಅಲ್ಲ ಅಂತ ಗೊತ್ತಾಗಿದ್ದು ಒಂದು ಹಳೇ ನೋಟ್‌ಬುಕ್ ತೆಗೆದು ತಾರೀಖು ಬರೆಯಲು ಕೂತಾಗ.

ಸೋಲೇ ಗೆಲುವಿನ ಮೆಟ್ಟಿಲು ಅನ್ನುವ ಮಾತನ್ನು ಶಾಲೆಯ ಗೋಡೆ ಮೇಲೆ ಎಲ್ಲರೂ ಓದಿದ್ದೇವೆ. ಆದರೆ ಸೋಲು ತಾನಾಗಿ ಏನೂ ಕಲಿಸುವುದಿಲ್ಲ. ಮೂರು ಅಂಗಡಿ ಹಾಕಿ, ಮೂರನ್ನೂ ಒಂದೇ ಕಾರಣಕ್ಕೆ ಮುಚ್ಚಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಕಲಿಯಬೇಕು ಅಂದರೆ ಕೂತು ಮಾಡುವ ಕೆಲಸ ಸ್ವಲ್ಪ ಇದೆ. ನಾನು ಮಾಡಿದ್ದನ್ನೂ, ತಡವಾಗಿ ಮಾಡಿ ಪೆಟ್ಟು ತಿಂದಿದ್ದನ್ನೂ ಇಲ್ಲಿ ಹೇಳುತ್ತೇನೆ. ನಿಮ್ಮದು ಅಂಗಡಿ ಆಗಿರಬೇಕಿಲ್ಲ. ಕೆಲಸ ಹೋಗಿರಬಹುದು, ಪರೀಕ್ಷೆ ಕೈತಪ್ಪಿರಬಹುದು, ಮನೆಯವರ ಜೊತೆ ಮಾತು ಬಿಟ್ಟುಹೋಗಿರಬಹುದು. ದಾರಿ ಹೆಚ್ಚೂಕಮ್ಮಿ ಇದೇ.

ಮೊದಲ ಹದಿನೈದು ದಿನ ಯಾವ ತೀರ್ಮಾನವೂ ಬೇಡ

ಊಟ, ನಿದ್ದೆ, ಸ್ನಾನ. ಅಷ್ಟೇ. ಹೊಸ ವ್ಯಾಪಾರದ ಐಡಿಯಾ ಬೇಡ, ಊರು ಬಿಡುವ ಯೋಚನೆ ಬೇಡ, ಯಾರಿಗೂ ಉದ್ದುದ್ದ ವಾಟ್ಸಾಪ್ ಮೆಸೇಜ್ ಬೇಡ. ನಾನು ಮುಚ್ಚಿದ ನಾಲ್ಕನೇ ದಿನಕ್ಕೆ ಜ್ಯೂಸ್ ಅಂಗಡಿಗೆ ಮಳಿಗೆ ನೋಡಲು ಹೋಗಿದ್ದೆ. ಹೆಂಡತಿ ಸ್ಕೂಟಿ ಕೀ ಬಚ್ಚಿಟ್ಟಳು. ಅವತ್ತು ಜಗಳ ಆಯಿತು, ಈಗ ನೆನೆದರೆ ನಗು ಬರುತ್ತದೆ.

ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ, ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಒಂದು ಸಲ ಬಂದರೂ ಸರಿ, 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಇದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಲೆಕ್ಕ, ಪಾಠ ಎಲ್ಲ ಆಮೇಲೆ.

ಹರಡಿ ಬಿದ್ದಿದ್ದನ್ನು ಎತ್ತಿಡಿ

ಪಾಠ ಕಲಿಯುವ ಮೊದಲು ಸೋಲು ಬೆಳೆಯದಂತೆ ತಡೆಯಬೇಕು. ಇದು ಬೇಜಾರಿನ ಕೆಲಸ. ಆದರೆ ಬಹಳ ಜನಕ್ಕೆ ಮೊದಲ ಪೆಟ್ಟಿಗಿಂತ ಈ ಎರಡನೇ ಪೆಟ್ಟೇ ಜಾಸ್ತಿ ಬೀಳುತ್ತದೆ.

ಬಾಗಿಲು ಹಾಕಿದ ಮಾತ್ರಕ್ಕೆ ವ್ಯಾಪಾರ ಕಾಗದದ ಮೇಲೆ ಮುಚ್ಚುವುದಿಲ್ಲ. ಜಿಎಸ್‌ಟಿ ನಂಬರ್ ಇದ್ದರೆ ರದ್ದತಿಗೆ ಅರ್ಜಿ ಹಾಕಬೇಕು. ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಕೊನೆಯ ರಿಟರ್ನ್ ಕೂಡ ಇದೆ. ಇದನ್ನು ಮರೆತು ದಂಡ ಕಟ್ಟಿದವರು ಬೇಕಾದಷ್ಟು ಜನ. ನಿಮ್ಮ ಲೆಕ್ಕದವರನ್ನು ನೀವಾಗಿಯೇ ಕೇಳಿ, ಅವರು ನೆನಪಿಸಲಿ ಅಂತ ಕಾಯಬೇಡಿ.

ಸಾಮಾನು ಹಾಕಿದವರಿಗೆ ಖಾಲಿ ಚೆಕ್ ಕೊಟ್ಟಿದ್ದರೆ ಅದನ್ನು ಮೊದಲು ವಾಪಸ್ ಪಡೆಯಿರಿ, ಇಲ್ಲವೇ ಬಾಕಿ ಎಷ್ಟು ಅಂತ ಬರವಣಿಗೆಯಲ್ಲಿ ಒಪ್ಪಿಸಿ. ಚೆಕ್ ಬೌನ್ಸ್ ಆಗಿ ಲಾಯರ್ ನೋಟಿಸ್ ಬಂದರೆ ಕೈಗೆ ಸಿಕ್ಕ ದಿನದಿಂದ ದುಡ್ಡು ಕಟ್ಟಲು 15 ದಿನ ಮಾತ್ರ ಇರುತ್ತದೆ. ಆ ಲಕೋಟೆ ಒಡೆಯದೆ ಟಿವಿ ಮೇಲೆ ಇಟ್ಟರೆ ಅದು ಕರಗಿಹೋಗುವುದಿಲ್ಲ.

ಬ್ಯಾಂಕ್ ಸಾಲ ಇದ್ದರೆ ಕಂತು ತಪ್ಪುವ ಮೊದಲೇ ಬ್ರಾಂಚಿಗೆ ಹೋಗಿ ಮಾತಾಡಿ. "ಇಷ್ಟು ಕಟ್ಟಿಬಿಡಿ, ಸೆಟ್ಲ್ ಮಾಡ್ತೀವಿ" ಅಂತ ಫೋನ್ ಬಂದಾಗ ಖುಷಿಯಾಗುತ್ತದೆ. ಆದರೆ ಕ್ರೆಡಿಟ್ ರಿಪೋರ್ಟಿನಲ್ಲಿ ಸೆಟ್ಲ್ಡ್ (ಪೂರ್ತಿ ಕಟ್ಟದೆ ಮುಗಿಸಿದ್ದು) ಅಂತ ಬೀಳುವುದಕ್ಕೂ ಕ್ಲೋಸ್ಡ್ (ಪೂರ್ತಿ ತೀರಿಸಿದ್ದು) ಅಂತ ಬೀಳುವುದಕ್ಕೂ ತುಂಬ ವ್ಯತ್ಯಾಸ ಇದೆ. ಮುಂದೆ ಮನೆ ಸಾಲ ಕೇಳಲು ಹೋದಾಗ ಅದು ಎದ್ದು ಕಾಣುತ್ತದೆ. ಪೂರ್ತಿ ತೀರಿಸಿದ್ದರೆ ಬಾಕಿ ಇಲ್ಲ ಅನ್ನುವ ಪತ್ರ ಕೈಗೆ ಬರುವ ತನಕ ಬಿಡಬೇಡಿ.

ಕೆಲಸ ಕಳೆದುಕೊಂಡವರಿಗೆ ಪಟ್ಟಿ ಇನ್ನೂ ಚಿಕ್ಕದು: ರಿಲೀವಿಂಗ್ ಲೆಟರ್, ಕೊನೆಯ ಸಂಬಳದ ಲೆಕ್ಕ, ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖು ದಾಖಲಾಗಿದೆಯಾ ಅನ್ನುವುದು. ಮೂರನ್ನೂ ಮೊದಲ ತಿಂಗಳಲ್ಲೇ ಮುಗಿಸಿ. ಆರು ತಿಂಗಳಾದ ಮೇಲೆ ಎಚ್‌ಆರ್‌ಗೆ ನಿಮ್ಮ ಹೆಸರೇ ನೆನಪಿರುವುದಿಲ್ಲ.

ಈಗ ನೋಟ್‌ಬುಕ್

ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಎಡಕ್ಕೆ ತಾರೀಖು, ಬಲಕ್ಕೆ ಆವತ್ತು ಏನಾಯಿತು ಅನ್ನುವುದು. ಅಭಿಪ್ರಾಯ ಬೇಡ, ಬೈಗುಳ ಬೇಡ, "ಅವನು ಬೇಕಂತಲೇ ಮಾಡಿದ" ಅನ್ನುವ ಸಾಲು ಬೇಡ. ಕ್ಯಾಮೆರಾ ಇಟ್ಟಿದ್ದರೆ ಏನು ಕಾಣಿಸುತ್ತಿತ್ತೋ ಅಷ್ಟೇ.

ನೆನಪಿನಿಂದ ಬರೆಯಬೇಡಿ. ನೆನಪು ನಮ್ಮ ಪರವಾಗಿ ವಾದ ಮಾಡುವ ಲಾಯರ್ ಇದ್ದಂತೆ. ಬ್ಯಾಂಕ್ ಮತ್ತು ಯುಪಿಐ ಸ್ಟೇಟ್‌ಮೆಂಟ್ ತೆಗೆಸಿ. ಹಳೇ ಮೆಸೇಜ್, ಇಮೇಲ್, ಬಿಲ್ಲು, ಹಾಲಿನವರ ಚೀಟಿ, ಫೋನಿನಲ್ಲಿರುವ ಫೋಟೋಗಳ ತಾರೀಖು, ಎಲ್ಲ ಸಾಕ್ಷಿಯೇ. ನಾನು ಮೂರು ಭಾನುವಾರ ಇದಕ್ಕೇ ಕೂತೆ. ಸಿಕ್ಕಿದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಹೋಟೆಲ್ ಇದ್ದದ್ದು ತುಮಕೂರಿನಲ್ಲಿ, ಒಂದು ಕಾಲೇಜಿನ ಹಿಂದಿನ ರಸ್ತೆಯಲ್ಲಿ. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರ ಪಕ್ಕದಲ್ಲೇ ಇರುವಾಗ ತಟ್ಟೆ ಇಡ್ಲಿ ಹೋಟೆಲ್ ಹಾಕಲು ಎಂಥ ಧೈರ್ಯ ಅಂತ ಈಗ ಅನಿಸುತ್ತದೆ, ಇರಲಿ. 2021ರ ಡಿಸೆಂಬರ್ 1ಕ್ಕೆ ಶುರು. ಬಾಡಿಗೆ, ಮೂವರ ಸಂಬಳ, ಕರೆಂಟು, ಸಾಲದ ಕಂತು ಸೇರಿ ತಿಂಗಳಿಗೆ 1,10,000 ಖರ್ಚು. ಒಂದು ಇಡ್ಲಿಯೂ ಮಾರದಿದ್ದರೂ ಇದು ಹೋಗಲೇಬೇಕು. ನೂರು ರೂಪಾಯಿ ವ್ಯಾಪಾರವಾದರೆ ಅಕ್ಕಿ, ಉದ್ದು, ಎಣ್ಣೆ, ಕಾಯಿ, ಗ್ಯಾಸಿಗೆ 45 ರೂಪಾಯಿ ಹೋಗಿ 55 ಉಳಿಯುತ್ತಿತ್ತು. ಹಾಗಾದರೆ ತಿಂಗಳಿಗೆ 2 ಲಕ್ಷ ವ್ಯಾಪಾರ ಆಗಲೇಬೇಕು. 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 7,700. ಈ ಲೆಕ್ಕ ಐದು ನಿಮಿಷದ್ದು. ಹೋಟೆಲ್ ನಡೆಸಿದ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಮಾಡಿರಲಿಲ್ಲ ಅಂದರೆ ನಂಬುತ್ತೀರಾ?

ದಿನದ ಸರಾಸರಿ ವ್ಯಾಪಾರ ಹೀಗಿತ್ತು. ಮೊದಲ ಮೂರು ತಿಂಗಳು 8,500. ಮಾರ್ಚ್‌ನಲ್ಲಿ 7,400. ಏಪ್ರಿಲ್‌ನಲ್ಲಿ 5,100. ಮೇನಲ್ಲಿ 4,600. ಕಾಲೇಜಿಗೆ ರಜೆ, ಮಕ್ಕಳೆಲ್ಲ ಊರಿಗೆ. ಜೂನ್‌ನಲ್ಲಿ ಅವರು ವಾಪಸ್ ಬಂದರೂ 6,300ಕ್ಕಿಂತ ಮೇಲೇರಲಿಲ್ಲ. ಅಷ್ಟರಲ್ಲಿ ಗೇಟಿನ ಎದುರಿಗೆ ಒಂದು ತಳ್ಳುಗಾಡಿ ಬಂದಿತ್ತು.

ಇನ್ನು ಭಟ್ರ ವಿಷಯ. ಅವರು ಬಿಟ್ಟಿದ್ದು ಆಗಸ್ಟ್ 9ಕ್ಕೆ. ಅಂದರೆ ನಮ್ಮ ವ್ಯಾಪಾರ ಬಿದ್ದು ನಾಲ್ಕು ತಿಂಗಳಾದ ಮೇಲೆ! ಅವರ ಜೊತೆಗಿನ ವಾಟ್ಸಾಪ್ ಮೇಲಕ್ಕೆ ಎಳೆದು ಓದಿದೆ. ನಾನು ಕಳಿಸಿದ್ದ ಒಂದೇ ಮೆಸೇಜ್ ನಾಲ್ಕು ಸಲ ಸಿಕ್ಕಿತು: "ಭಟ್ರೇ ಇನ್ನೆರಡು ದಿನ ತಡೀರಿ, ಹಾಕ್ತೀನಿ." ಮೇ ಸಂಬಳ 12 ದಿನ ತಡ, ಜೂನ್‌ನದು 18 ದಿನ, ಜುಲೈನದು ಅವರು ಹೋಗುವ ತನಕ ಕೊಟ್ಟೇ ಇರಲಿಲ್ಲ. ಪ್ರತಿ ಸಲವೂ ಅವರು "ಆಯ್ತು ಸಾರ್" ಅಂತಲೇ ಬರೆದಿದ್ದರು. ಕೊನೇ ಸಲ ಮಾತ್ರ ಉತ್ತರ ಇಲ್ಲ, ಎರಡು ನೀಲಿ ಗೆರೆ ಇದ್ದವು, ಅಷ್ಟೇ.

ಕೈಕೊಟ್ಟಿದ್ದು ಯಾರು ಅಂತ ಬೇರೆ ಹೇಳಬೇಕಾ? ಅವತ್ತು ರಾತ್ರಿ ಊಟ ಸೇರಲಿಲ್ಲ.

ಪರೀಕ್ಷೆಯಲ್ಲಿ ಫೇಲಾದ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. "ಗಣಿತ ನನ್ನ ತಲೆಗೆ ಹತ್ತಲ್ಲ" ಅನ್ನುವುದು ಕಥೆ. ಮಂಡಳಿಯಿಂದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿ, ಅದು ಸಾಕ್ಷಿ. ಎಲ್ಲಿ ಅಂಕ ಹೋಯಿತು, ಗೊತ್ತಿಲ್ಲದೆ ಹೋಯಿತೋ, ಟೈಮ್ ಸಾಲದೆ ಕೊನೇ ನಾಲ್ಕು ಪ್ರಶ್ನೆ ಮುಟ್ಟದೆ ಹೋಯಿತೋ? ಎರಡಕ್ಕೂ ಮದ್ದು ಬೇರೆ ಬೇರೆ. 2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ 1, ಪರೀಕ್ಷೆ 2 ಅಂತ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಅವಕಾಶ ಇವೆ. ಮೊದಲಿನ ಪತ್ರಿಕೆ ನೋಡದೆ ಎರಡನೆಯದಕ್ಕೆ ಕೂರುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದ ಹಾಗೆ.

ಕಾರಣದ ಬಾಲ ಹಿಡಿದು ಹಿಂದಕ್ಕೆ ಹೋಗಿ

ತಾರೀಖು ಆದ ಮೇಲೆ ಕೊನೆಯ ಘಟನೆಯಿಂದ ಹಿಂದಕ್ಕೆ "ಯಾಕೆ" ಅಂತ ಕೇಳುತ್ತಾ ಹೋಗಿ. ಭಟ್ರು ಯಾಕೆ ಹೋದರು? ಸಂಬಳ ತಡವಾಯಿತು. ಯಾಕೆ? ಏಪ್ರಿಲ್, ಮೇ ತಿಂಗಳಲ್ಲಿ ದುಡ್ಡು ಬರಲಿಲ್ಲ. ಯಾಕೆ? ಗಿರಾಕಿಗಳಲ್ಲಿ ಮುಕ್ಕಾಲು ಪಾಲು ವಿದ್ಯಾರ್ಥಿಗಳು. ಅದು ಮೊದಲೇ ಯಾಕೆ ಗೊತ್ತಾಗಲಿಲ್ಲ? ಮಳಿಗೆ ನೋಡಲು ನಾನು ಹೋಗಿದ್ದು ನವೆಂಬರಿನ ಒಂದು ವಾರ, ಅದೂ ಬೆಳಿಗ್ಗೆ ಎಂಟೂವರೆಗೆ, ರಸ್ತೆ ತುಂಬ ಮಕ್ಕಳಿರುವ ಹೊತ್ತಿಗೆ. ರಜೆಯಲ್ಲಿ ಆ ರಸ್ತೆ ಹೇಗಿರುತ್ತದೆ ಅಂತ ಪಕ್ಕದ ಝೆರಾಕ್ಸ್ ಅಂಗಡಿಯವರನ್ನು ಒಂದು ಮಾತು ಕೇಳಲಿಲ್ಲ.

ಇಲ್ಲಿ ನಿಲ್ಲಿಸಬಹುದು, ಯಾಕಂದರೆ ಮುಂದಿನ ಸಲ ಬೇರೆ ಥರ ಮಾಡಬಹುದಾದ ಒಂದು ಕೆಲಸ ಸಿಕ್ಕಿತು. ಕೆಲವರು ಇನ್ನೂ ಹಿಂದಕ್ಕೆ ಹೋಗಿ "ನಾನೇ ಅಯೋಗ್ಯ", "ನನ್ನ ಹಣೆಬರಹ" ಅನ್ನುವಲ್ಲಿಗೆ ಮುಟ್ಟುತ್ತಾರೆ. ಅದು ಕಾರಣ ಅಲ್ಲ, ಬೈಗುಳ. ನಾಳೆ ಬೆಳಿಗ್ಗೆ ಎದ್ದು ಬದಲಾಯಿಸಲು ಆಗದ್ದನ್ನು ಕಾರಣದ ಕಾಲಮ್ಮಿನಲ್ಲಿ ಬರೆಯಬೇಡಿ. ಹಾಗೇ "ಕೋವಿಡ್ ಬಂತು", "ಬಾಸ್ ಸರಿ ಇರಲಿಲ್ಲ" ಅನ್ನುವಲ್ಲೇ ನಿಂತುಬಿಡುವುದೂ ಬೇಡ. ಅದು ನಿಜವೇ ಇರಬಹುದು. ಆದರೆ ಅದೇ ಮಳೆಯಲ್ಲಿ ನಿಮ್ಮ ಹತ್ತಿರ ಕೊಡೆ ಯಾಕಿರಲಿಲ್ಲ ಅಂತ ಇನ್ನೊಂದು ಸಲ ಕೇಳಿಕೊಳ್ಳಿ.

ಸಾಮಾನ್ಯವಾಗಿ ಕಾರಣ ಒಂದೇ ಇರುವುದಿಲ್ಲ. ಇದನ್ನು ನಾನು ಕಲಿತಿದ್ದು ನಮ್ಮ ಇಸ್ರೋದಿಂದ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಇಳಿಯುವ ನೌಕೆ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲದಿಂದ ಎರಡು ಕಿಲೋಮೀಟರ್ ಚಿಲ್ಲರೆ ಎತ್ತರದಲ್ಲಿದ್ದಾಗ ಸಂಪರ್ಕ ಕಡಿದುಹೋಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಆವರಿಸಿದ ಮೌನವನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆಮೇಲೆ ಸಿಕ್ಕ ಮಾಹಿತಿಯನ್ನೆಲ್ಲ ಜಾಲಾಡಿ ಅವರು ಕಂಡುಕೊಂಡಿದ್ದನ್ನು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಬಿಡಿಸಿ ಹೇಳಿದರು. ಐದು ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಒತ್ತು ಕೊಟ್ಟವು, ಆ ವ್ಯತ್ಯಾಸ ಕೂಡುತ್ತಾ ಹೋಯಿತು. ಅದನ್ನು ಸರಿಪಡಿಸಲು ನೌಕೆ ಎಷ್ಟು ಬೇಗ ತಿರುಗಬೇಕಿತ್ತೋ ಅಷ್ಟು ಬೇಗ ತಿರುಗಲು ಸಾಫ್ಟ್‌ವೇರಿನ ಮಿತಿ ಬಿಡಲಿಲ್ಲ. ಇಳಿಯಬೇಕಾದ ಜಾಗವೋ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಅದನ್ನೇ ಮುಟ್ಟಬೇಕು ಅಂತ ನೌಕೆ ವೇಗ ಹೆಚ್ಚಿಸುತ್ತಾ ಹೋಯಿತು. ಮೂರೂ ಒಂದರ ಮೇಲೊಂದು ಕೂತವು.

ನನಗೆ ಇಷ್ಟವಾಗಿದ್ದು ಮುಂದಿನದು. ಚಂದ್ರಯಾನ-3 ಕಟ್ಟುವಾಗ "ಎಲ್ಲ ಸರಿ ಹೋದರೆ ಹೇಗೆ ಇಳಿಯುತ್ತದೆ" ಅಂತ ಅವರು ಯೋಚಿಸಲಿಲ್ಲ. "ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಸುವುದು" ಅಂತ ಹೊರಟರು. ಇಳಿಯುವ ಜಾಗವನ್ನು 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದರು. ಇಂಧನ ಜಾಸ್ತಿ ತುಂಬಿದರು. ಸ್ವಲ್ಪ ಜೋರಾಗಿ ಬಿದ್ದರೂ ತಡೆಯಲಿ ಅಂತ ಕಾಲುಗಳನ್ನು ಗಟ್ಟಿ ಮಾಡಿದರು. ಒಂದು ಎಂಜಿನ್ ತೆಗೆದೇ ಹಾಕಿದರು. 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಅದು ಇಳಿದಾಗ ನಾನು ಕೆಲಸವಿಲ್ಲದೆ ಮನೆಯಲ್ಲೇ ಕೂತಿದ್ದೆ. ನೋಟ್‌ಬುಕ್ ತೆಗೆದಿದ್ದು ಅದಾದ ಒಂದು ತಿಂಗಳಿಗೆ.

ನೀವೂ ಹಾಗೇ ಮಾಡಿ. ಪ್ರತಿ ಕಾರಣದ ಎದುರಿಗೆ ಬರೆಯಿರಿ: ಇದು ಮತ್ತೆ ಬಂದೇ ಬರುತ್ತದೆ, ಆಗ ನನ್ನ ಹತ್ತಿರ ಏನಿರುತ್ತದೆ? ನಾನು ಬರೆದ ಒಂದು ಸಾಲು: ಯಾವ ವ್ಯಾಪಾರವೇ ಆಗಲಿ, ಕೆಲಸದವರ ಮೂರು ತಿಂಗಳ ಸಂಬಳ ಬೇರೆ ಖಾತೆಯಲ್ಲಿ ಕೂಡಿಡದೆ ಬಾಗಿಲು ತೆಗೆಯುವುದಿಲ್ಲ.

ಮೂರು ಜನರನ್ನು ಕೇಳಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ನೋಟ್‌ಬುಕ್ಕಿನಲ್ಲಿ ನಿಮಗೆ ಕಾಣದ್ದು ಬೇರೆಯವರಿಗೆ ಕಂಡಿರುತ್ತದೆ. ಜೊತೆಗೆ ಕೆಲಸ ಮಾಡಿದವರು ಒಬ್ಬರು, ದುಡ್ಡನ್ನೋ ನಂಬಿಕೆಯನ್ನೋ ಹಾಕಿದವರು ಒಬ್ಬರು, ದೂರದಿಂದ ನೋಡಿದವರು ಒಬ್ಬರು. ಮೆಸೇಜ್ ಬೇಡ, ಎದುರಿಗೆ ಹೋಗಿ. "ಎಲ್ಲಿ ತಪ್ಪಾಯಿತು" ಅಂತ ಕೇಳಿದರೆ ಪಾಪ ಅಂತ ಸುಮ್ನೆ ಏನೋ ಸಮಾಧಾನ ಹೇಳಿ ಕಳಿಸುತ್ತಾರೆ. "ಇದು ಕೆಡುತ್ತೆ ಅಂತ ನಿಮಗೆ ಮೊದಲ ಸಲ ಅನಿಸಿದ್ದು ಯಾವಾಗ?" ಅಂತ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ.

ನನ್ನ ಹೋಟೆಲಿಗೆ ಭಾವಮೈದುನ ಒಂದೂವರೆ ಲಕ್ಷ ಹಾಕಿದ್ದ. ಮುಚ್ಚಿದ ಮೇಲೆ ಹಬ್ಬಕ್ಕೂ ಮನೆಗೆ ಬಂದಿರಲಿಲ್ಲ. ದುಡ್ಡು ಹೋದ ಸಿಟ್ಟು ಅಂದುಕೊಂಡಿದ್ದೆ. ಹೋಗಿ ಕೇಳಿದೆ. ಸ್ವಲ್ಪ ಹೊತ್ತು ಟೀ ಲೋಟ ತಿರುಗಿಸುತ್ತಾ ಕೂತಿದ್ದ. ಆಮೇಲೆ ಹೇಳಿದ.

"ಎರಡನೇ ತಿಂಗಳಲ್ಲೇ ಅನಿಸ್ತು ಭಾವ. ಲೆಕ್ಕ ಕೇಳಿದಾಗೆಲ್ಲ ನೀವು ನಗಾಡಿ, ಇಡ್ಲಿ ತಿನ್ನು ಬಾ ಅಂತಿದ್ರಿ. ನಾಲ್ಕು ಸಲ ಕೇಳಿದೆ. ಆಮೇಲೆ ಬಿಟ್ಟೆ."

"ದುಡ್ಡು..."

"ದುಡ್ಡು ಹೋಗ್ಲಿ ಬಿಡಿ ಭಾವ. ನನ್ನ ಚಿಕ್ಕ ಹುಡುಗನ ಥರ ನೋಡಿದ್ರಲ್ಲ, ಅದು."

ಉತ್ತರ ಕೊಡಲು ನಾಲಿಗೆ ತುದಿಯಲ್ಲಿ ಹತ್ತು ಮಾತಿತ್ತು. ಒಂದನ್ನೂ ಆಡಲಿಲ್ಲ, ಅದೊಂದು ಸರಿ ಮಾಡಿದೆ. "ತಪ್ಪಾಯ್ತು ಕಣೋ" ಅಂದೆ. ಆದರೆ, ಯಾಕಂದರೆ, ನೀನೂ ಕೂಡ, ಇಂಥ ಬಾಲ ಏನೂ ಸೇರಿಸದೆ ಅಷ್ಟೇ ಅಂದೆ. ಮನೆಯೊಳಗಿನ ಸೋಲಿಗೆ ಇದಕ್ಕಿಂತ ದೊಡ್ಡ ತಂತ್ರ ನನಗೆ ಗೊತ್ತಿಲ್ಲ. ಅವನು ಯುಗಾದಿಗೆ ಬಂದ. ಮೊದಲಿನಷ್ಟು ಹರಟೆ ಇನ್ನೂ ಇಲ್ಲ.

ನಿಮ್ಮ ಕೈಕೆಳಗೆ ಜನ ಕೆಲಸ ಮಾಡುತ್ತಿದ್ದರೆ ಇನ್ನೊಂದು ಮಾತು. 1979ರ ಆಗಸ್ಟ್ 10ಕ್ಕೆ ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಹೋಗಿ ಸೋಲನ್ನು ತಮ್ಮ ಹೆಗಲಿಗೆ ಹಾಕಿಕೊಂಡವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಜುಲೈ 18ಕ್ಕೆ ಅದು ಗೆದ್ದಾಗ "ನೀವು ಹೋಗಿ ಮಾತಾಡಿ" ಅಂತ ಕಲಾಂರನ್ನೇ ಕಳಿಸಿದರು. ಕಲಾಂ ಇದನ್ನು ಕೊನೆಯವರೆಗೂ ಹೇಳುತ್ತಲೇ ಇದ್ದರು. ಹೊರಗೆ ಹೆಗಲು ಕೊಟ್ಟರು ಅಂತ ಒಳಗೆ ತನಿಖೆ ಬಿಡಲಿಲ್ಲ. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಏನು ಕೆಟ್ಟಿತು ಅಂತ ಹುಡುಕಿ ಹಿಡಿದರು. ನಮ್ಮ ಆಫೀಸುಗಳಲ್ಲಿ ಬಹಳ ಕಡೆ ಇದು ಉಲ್ಟಾ ನಡೆಯುತ್ತದೆ, ಅಲ್ವಾ? ಹೊರಗೆ ಒಬ್ಬನ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಾರೆ, ಒಳಗೆ ಯಾರೂ ಏನೂ ಹುಡುಕುವುದಿಲ್ಲ.

ಕೇಳುವವರಿಗೆ ಏನು ಹೇಳುವುದು

ಮದುವೆ ಊಟದ ಪಂಕ್ತಿಯಲ್ಲಿ "ಹೋಟೆಲ್ ಏನಾಯ್ತಪ್ಪಾ?" ಅಂತ ದೊಡ್ಡಪ್ಪ ಕೇಳಿಯೇ ಕೇಳುತ್ತಾರೆ. ಒಂದು ಸಾಲು ಮೊದಲೇ ತಯಾರಿರಲಿ. ನನ್ನದು: "ನಡೀಲಿಲ್ಲ ದೊಡ್ಡಪ್ಪ, ಜಾಗ ತಪ್ಪು ಆರಿಸಿಬಿಟ್ಟೆ, ಮುಚ್ಚಿದೆ." ಇಷ್ಟು ಹೇಳಿ ಪಲ್ಯ ಕೇಳಿ. ಉದ್ದ ಮಾಡಿದಷ್ಟೂ ಸಲಹೆಗಳು ಬರುತ್ತವೆ.

ಇಂಟರ್‌ವ್ಯೂನಲ್ಲಿ ಸ್ವಲ್ಪ ಬೇರೆ. ಏನು ಮಾಡಲು ಹೋದೆ, ಎಲ್ಲಿ ಕೆಟ್ಟಿತು, ಅದರಲ್ಲಿ ನನ್ನ ಪಾಲು ಏನು, ಈಗ ಏನನ್ನು ಬೇರೆ ಥರ ಮಾಡುತ್ತೇನೆ. ನಾಲ್ಕೂ ಸೇರಿ ಎರಡು ನಿಮಿಷ ಮೀರಬಾರದು. ನೋಟ್‌ಬುಕ್ ಬರೆದಿದ್ದರೆ ಇದಕ್ಕೆ ತಯಾರಿಯೇ ಬೇಕಿಲ್ಲ. ನನಗೆ ಈಗಿನ ಕೆಲಸ ಸಿಕ್ಕಿದ್ದು ಒಂದು ಕ್ಯಾಂಟೀನಿನ ಲೆಕ್ಕ ನೋಡಿಕೊಳ್ಳುವುದಕ್ಕೆ. ದಿನಕ್ಕೆ 7,700ರ ಕಥೆ ಕೇಳಿ ಮಾಲೀಕರು ತಮ್ಮದು ಎಷ್ಟು ಅಂತ ಅಲ್ಲೇ ಕ್ಯಾಲ್ಕ್ಯುಲೇಟರ್ ಒತ್ತಿದರು.

ಮತ್ತೆ ಮಾಡುವುದಾದರೆ ಚಿಕ್ಕದಾಗಿ, ನಿಲ್ಲಿಸುವ ಗೆರೆ ಎಳೆದು

ಹಠಕ್ಕೆ ಬಿದ್ದು ಹೋದ ದುಡ್ಡನ್ನೆಲ್ಲ ಒಂದೇ ಸಲ ವಾಪಸ್ ತೆಗೆಯಲು ಹೋಗಬೇಡಿ. ಮೊದಲ ಸಲದ ಹತ್ತನೇ ಒಂದು ಭಾಗದಲ್ಲಿ ಪರೀಕ್ಷೆ ಮಾಡುವ ದಾರಿ ಹುಡುಕಿ. ಶುರು ಮಾಡುವ ಮೊದಲೇ ಎರಡು ಸಂಖ್ಯೆ ಬರೆದಿಡಿ: ಎಷ್ಟು ದುಡ್ಡು ಹೋದರೆ ನಿಲ್ಲಿಸುತ್ತೀರಿ, ಯಾವ ತಾರೀಖಿಗೆ ಎಷ್ಟು ಮುಟ್ಟದಿದ್ದರೆ ನಿಲ್ಲಿಸುತ್ತೀರಿ. ತಲೆ ತಣ್ಣಗಿರುವಾಗಲೇ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಡಿ. ಕೆಲಸ ಶುರುವಾದ ಮೇಲೆ ನಮಗೆ ನಾವೇ ನ್ಯಾಯ ಹೇಳಿಕೊಳ್ಳಲು ಬರುವುದಿಲ್ಲ.

ಹೋಟೆಲಿನ ಗ್ರೈಂಡರ್ ಮಾರಾಟವಾಗದೆ ಮನೆಯಲ್ಲೇ ಕೂತಿತ್ತು. ಕೆಲಸದ ಜೊತೆಗೇ ಭಾನುವಾರ ಮಾತ್ರ ಅಕ್ಕಪಕ್ಕದ ಬಡಾವಣೆಗೆ ದೋಸೆ ಹಿಟ್ಟು ಕೊಡೋಣ ಅಂದುಕೊಂಡೆವು. ಗಿರಾಕಿಗಳು ಮನೆಯವರು, ಕಾಲೇಜು ರಜೆಯ ಚಿಂತೆ ಇಲ್ಲ. ಸಂಬಳದ ಆಳಿಲ್ಲ, ಬಾಡಿಗೆ ಇಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿದ್ದು: "40,000ಕ್ಕಿಂತ ಜಾಸ್ತಿ ಹಾಕಲ್ಲ. ಮೂರು ತಿಂಗಳಲ್ಲಿ ಭಾನುವಾರಕ್ಕೆ 60 ಕಿಲೋ ಮುಟ್ಟದಿದ್ದರೆ ನಿಲ್ಲಿಸೋದು." ಕೆಳಗೆ ನನ್ನ ಸಹಿ, ಹೆಂಡತಿಯ ಸಹಿ.

ಮೊದಲ ತಿಂಗಳು 22 ಕಿಲೋ. ಎರಡನೇ ತಿಂಗಳು 41. ಮೂರನೇ ತಿಂಗಳ ಕೊನೇ ಭಾನುವಾರ 52. "ಏರ್ತಾ ಇದೆಯಲ್ಲ, ಇನ್ನೊಂದೇ ತಿಂಗಳು ನೋಡೋಣ" ಅಂದೆ. ಅವಳು ಏನೂ ಮಾತಾಡದೆ ನೋಟ್‌ಬುಕ್ ತಂದು ಆ ಪುಟ ತೆಗೆದು ನನ್ನ ಮುಂದೆ ಇಟ್ಟು, ಕುಕ್ಕರ್ ಕೂಗುತ್ತಿತ್ತು ಅಂತ ಒಳಗೆ ಹೋದಳು.

ನಿಲ್ಲಿಸಿದೆವು. ಒಟ್ಟು ನಷ್ಟ 11,400. ಮುಂದಿನ ವಾರ ಗ್ರೈಂಡರ್ 18,000ಕ್ಕೆ ಹೋಯಿತು. ಅವತ್ತೇ ಸಂಜೆ ಭಟ್ರಿಗೆ ಕೊಡಬೇಕಾಗಿದ್ದ ಬಾಕಿಯಲ್ಲಿ ಅಷ್ಟನ್ನೂ ಹಾಕಿ, ಉಳಿದಿದ್ದಕ್ಕೆ ತಾರೀಖು ಬರೆದು ಕಳಿಸಿದೆ. "ಆಯ್ತು ಸಾರ್" ಅಂತ ಬಂತು.